ಕೆಂಪು ಟೋಪಿ

ಈಜು ಮೇಷ್ಟ್ರು ಹದಿನಾಲ್ಕು ವರ್ಷದಿಂದ ಮಕ್ಕಳನ್ನು ಟೋಪಿಯ ಬಣ್ಣದಿಂದಲೇ ಕರೆಯುತ್ತಿದ್ದರು. "ಹಳದಿ, ಮೂಗು ಮೇಲೆತ್ತು!" "ನೀಲಿ, ಕಾಲು ಬಡಿ!" ರಜೆಯಲ್ಲಿ ಒಂದೊಂದು ತಂಡ ಹದಿನೈದು ದಿನಕ್ಕೆ ಬಂದು ಹೋಗುತ್ತದೆ, ಅಷ್ಟೂ ಹೆಸರು ಬಾಯಿಪಾಠ ಮಾಡಲು ನಾನೇನು ಪರೀಕ್ಷೆ ಬರೀಬೇಕಾ ಎನ್ನುವುದು ಅವರ ವಾದ. ವಾದದಲ್ಲಿ ಅವರನ್ನು ಗೆದ್ದವರಿಲ್ಲ. ಹಾಜರಿ ಪುಸ್ತಕ ಟಿಕೆಟ್ ಕಿಟಕಿಯ ಪಕ್ಕ ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿತ್ತು. ಮಕ್ಕಳೂ ಅವರನ್ನೇ ನೋಡಿ ಕಲಿತು, ಒಬ್ಬರನ್ನೊಬ್ಬರು ಹಸಿರು, ನೇರಳೆ ಎಂದೇ ಕೂಗಿಕೊಳ್ಳುತ್ತಿದ್ದರು.

ಈ ತಂಡದಲ್ಲಿ ಒಂಬತ್ತು ಮಕ್ಕಳು, ಒಂಬತ್ತು ಬಣ್ಣ. ಪಾಠ ಮುಗಿದ ಮೇಲೆ ಟೋಪಿಗಳು ಬುಟ್ಟಿಗೆ ಬೀಳಬೇಕು, ಮೇಷ್ಟ್ರು ಎಣಿಸಬೇಕು. ಟೋಪಿ ಕಳೆದವರಿಗೆ ನಾಳೆಯಿಂದ ನೀರಿಲ್ಲ ಎಂದು ಮೊದಲ ದಿನವೇ ಗುಡುಗಿದ್ದರು. ಒಂಬತ್ತನೆಯ ದಿನ ಬೆಳಿಗ್ಗೆ ಪಾಠ ಮುಗಿಸಿ ಎಣಿಸಿದರೆ ಎಂಟೇ ಇದ್ದವು.

"ಕೆಂಪು ಎಲ್ಲಿ?"

ಮಕ್ಕಳು ಟವೆಲ್ ಸುತ್ತಿಕೊಂಡು ಮುಖ ಮುಖ ನೋಡಿಕೊಂಡರು. ಒಬ್ಬ ಹುಡುಗ ಹಲ್ಲು ಕಟಕಟ ಎನ್ನಿಸುತ್ತಲೇ ಹೇಳಿದ: "ಆಳದ ಕಡೆ ಕಂಬಿ ಹಿಡ್ಕೊಂಡಿದ್ಲು ಸರ್. ಆಮೇಲೆ ನೋಡ್ಲಿಲ್ಲ."

ಮೇಷ್ಟ್ರು ಆಳದ ಕಡೆ ಓಡಿದರು. ನೀರು ಶುದ್ಧ ಮಾಡುವ ಪಂಪು ಕೆಟ್ಟು ಎರಡು ದಿನವಾಗಿತ್ತು. ನಾಳೆ ರಿಪೇರಿ, ನಾಳೆ ರಿಪೇರಿ ಎನ್ನುತ್ತಲೇ ಪಾಠ ನಡೆಸಿದ್ದರು. ಆಳದ ಕಡೆ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು. ಬಗ್ಗಿ ನೋಡಿದರು. ಕೆಳಗೆಲ್ಲೋ ಕೆಂಪಗೆ ಏನೋ ಇತ್ತು.

ಧುಮುಕಿದರು. ಕೈಗೆ ಸಿಕ್ಕಿದ್ದು ಟೋಪಿ. ಬರೀ ಟೋಪಿ.

ಮತ್ತೆ ಮುಳುಗಿದರು. ಕಣ್ಣಿಗೆ ಏನೂ ಕಾಣದೆ ತಳವನ್ನೆಲ್ಲ ಕೈಯಿಂದ ತಡವಿದರು. ಒಂದು ಪುಟ್ಟ ಕೈ ಸಿಕ್ಕೀತು ಎಂಬ ಆಸೆ, ಸಿಕ್ಕಿಬಿಟ್ಟೀತು ಎಂಬ ಭಯ, ಎರಡೂ ಒಟ್ಟೊಟ್ಟಿಗೇ ಇದ್ದವು. ಮೂರನೇ ಸಲ ಮೇಲೆ ಬಂದಾಗ ನೂರಾರು ಜನರಿಗೆ ಉಸಿರು ಹಿಡಿಯುವುದು ಕಲಿಸಿದ ಮನುಷ್ಯನಿಗೆ ಉಸಿರೇ ಸಿಗುತ್ತಿರಲಿಲ್ಲ.

"ಕೆಂಪು! ಏ ಕೆಂಪು!" ಎಂದು ಕೂಗುತ್ತಾ, ನೀರಿಂದ ಹತ್ತಿ ಹೋಗಿರಬಹುದು ಎಂಬ ಆಸೆಯಿಂದ ಬಟ್ಟೆ ಬದಲಿಸುವ ಕೋಣೆ, ಶವರ್, ಸಾಮಾನಿನ ಕೋಣೆ ಎಲ್ಲ ಕಡೆ ಓಡಿದರು. ಅವರ ಕೂಗು ಗೋಡೆಗೆ ಬಡಿದು ಅವರಿಗೇ ವಾಪಸ್ಸು ಬಂತು. ಹುಡುಗಿಯ ಮುಖ ನೆನಪಿಸಿಕೊಳ್ಳಲು ನೋಡಿದರು. ಒಂಬತ್ತು ದಿನ ಬೆಳಿಗ್ಗೆ ಎದುರಿಗೇ ಇದ್ದ ಮಗು! ನೆನಪಿಗೆ ಬಂದದ್ದು ಟೋಪಿ ಮಾತ್ರ, ಅದರ ಕೆಳಗೆ ಮುಖವೇ ಇರಲಿಲ್ಲ. ಇನ್ನು ಕಾಲು ಗಂಟೆಗೆ ತಾಯಂದಿರು ಬರುತ್ತಾರೆ. ನನ್ನ ಮಗಳೆಲ್ಲಿ ಎಂದು ಒಬ್ಬಳು ಕೇಳಿದರೆ, ಯಾವ ಮಗಳಮ್ಮ ಎನ್ನಬೇಕೇ?

ಗಲಾಟೆ ಕೇಳಿ ಟಿಕೆಟ್ ಕೊಡುವ ಅಕ್ಕ ಓಡಿ ಬಂದಳು. "ನಾನೂ ಹುಡುಕ್ತೀನಿ ಸರ್. ಏನಂತ ಕೂಗ್ಲಿ? ಹೆಸರೇನು?"

ಮೇಷ್ಟ್ರು ಕೈಯಲ್ಲಿದ್ದ ಕೆಂಪು ಟೋಪಿ ಮುಂದೆ ಹಿಡಿದರು.

ಅಕ್ಕ ಅವರನ್ನು ಒಂದು ಕ್ಷಣ ನೋಡಿದಳು. ಆ ನೋಟ ಯಾರ ಮೇಲೂ ಯಾವತ್ತೂ ಬೀಳದಿರಲಿ. ಹೋಗಿ ಮೊಳೆಯಲ್ಲಿದ್ದ ಪುಸ್ತಕ ಕಿತ್ತು ತಂದು ಅವರ ಕೈಗೆ ತುರುಕಿದಳು. "ಒಂಬತ್ತೂ ಕೂಗಿ. ಎಂಟು ಜನ ಇಲ್ಲೇ ಇದ್ದಾರಲ್ಲ. ಉಳಿದಿದ್ದೇ ಅವಳು."

ಮೇಷ್ಟ್ರ ಬೆರಳಿಂದ ನೀರು ತೊಟ್ಟಿಕ್ಕಿ ಶಾಯಿ ಹರಡತೊಡಗಿತು. ಮೊದಲ ಹೆಸರು ಓದಿದರು. "ಇದ್ದೀನಿ ಸರ್." ಎರಡನೆಯದು. "ಇದ್ದೀನಿ." ಮೂರು, ನಾಲ್ಕು, ಐದು. ಪ್ರತಿ ಮಗು ತನ್ನ ಹೆಸರು ಅವರ ಬಾಯಲ್ಲಿ ಬಂದದ್ದಕ್ಕೆ ಬೆಚ್ಚಿದಂತೆ ಕತ್ತೆತ್ತಿ ನೋಡುತ್ತಿತ್ತು. ಆರನೆಯ ಹೆಸರಿಗೆ ಯಾರೂ ಓಗೊಡಲಿಲ್ಲ.

ಮತ್ತೆ ಓದಿದರು. ಯಾರೂ ಇಲ್ಲ. ಆ ಮಬ್ಬು ನೀರಿನ ಕಡೆ ತಿರುಗಲು ಅವರಿಗೆ ಧೈರ್ಯ ಸಾಲಲಿಲ್ಲ. ಕಣ್ಣು ಮುಚ್ಚಿ, ಹೊಟ್ಟೆಯಲ್ಲಿದ್ದ ಭಯವನ್ನೆಲ್ಲ ಸೇರಿಸಿ ಆ ಹೆಸರನ್ನೇ ಮೂರನೇ ಸಲ ಕೂಗಿದರು.

ಸಾಮಾನಿನ ಕೋಣೆಯಲ್ಲಿ ಏನೋ ದಬದಬ ಬಿತ್ತು. ತೇಲುವ ಹಲಗೆಗಳ ರಾಶಿಯ ಹಿಂದಿನಿಂದ, ಮೊಣಕೈ ತರಚಿಕೊಂಡ ಒಂದು ಮಗು ಬಿಕ್ಕುತ್ತಾ ಬಾಗಿಲಿಗೆ ಬಂದು ನಿಂತಿತು.

ಮೇಷ್ಟ್ರು ಅಲ್ಲೇ ಒದ್ದೆ ನೆಲದ ಮೇಲೆ ಕುಸಿದರು. "ಅಷ್ಟು ಸಲ ಕೂಗಿದ್ನಲ್ಲೇ! ಆ ಬಾಗಿಲಲ್ಲೇ ನಿಂತು ಕೂಗಿದೆ. ಕೇಳಿಸ್ಲಿಲ್ವಾ?"

"ಕೇಳಿಸ್ತು ಸರ್." ಹುಡುಗಿ ಮೂಗು ಒರೆಸಿಕೊಂಡಳು. "ಟೋಪಿ ನೀರಲ್ಲಿ ಬಿದ್ದೋಯ್ತು. ಟೋಪಿ ಇಲ್ಲ ಅಂದ್ಮೇಲೆ ನಾನು ಕೆಂಪು ಅಲ್ವಲ್ಲ. ಬೈತೀರಾ ಅಂತ ಬಚ್ಚಿಟ್ಕೊಂಡೆ."

ಅವಳನ್ನು ಹೆಸರು ಹಿಡಿದು ಹತ್ತಿರ ಕರೆಯಬೇಕೆನಿಸಿತು ಮೇಷ್ಟ್ರಿಗೆ. ಆದರೆ ಈಗಷ್ಟೇ ಮೂರು ಸಲ ಕೂಗಿದ ಹೆಸರು ಗಾಬರಿಯಲ್ಲಿ ಹಾರಿಯೇ ಹೋಗಿತ್ತು. ಪುಸ್ತಕ ನೋಡಿದರು. ಆರನೆಯ ಸಾಲು ನೀರಿಗೆ ಕಲಸಿ ನೀಲಿ ಕಲೆಯಾಗಿತ್ತು.

"ನಿನ್ನ ಹೆಸರು ಇನ್ನೊಂದ್ಸಲ ಹೇಳು ಮಗಾ," ಎಂದರು.

ಅವಳು ಹೇಳಿದಳು. ಮೇಷ್ಟ್ರು ಅದನ್ನು ಮೆಲ್ಲಗೆ, ತಾಯಂದಿರು ಗೇಟಿಗೆ ಬಂದು ನಿಲ್ಲುವವರೆಗೂ ಹೇಳಿಕೊಳ್ಳುತ್ತಲೇ ಇದ್ದರು.