ಡಾಂಬರಿನ ಕೆಳಗೆ

ಚಟ್ಟವನ್ನು ಜೀಪಿನ ಹಿಂಬದಿಗೆ ಆನಿಸಿ ಇನ್ನೇನು ಒಳಕ್ಕೆ ತಳ್ಳಬೇಕು, ಪವಿತ್ರ "ತಡೀರಿ ಮಾವ" ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ತಮಟೆ ನಿಂತಾಗ ಇನ್ನೊಮ್ಮೆ ಹೇಳಿದಳು.

ಪೆದ್ದಣ್ಣ ತಿರುಗಿದ. ಸತ್ತ ಅವಳಪ್ಪ ಕ್ಯಾತಪ್ಪನ ಭಾಮೈದ. ಬೆಳಗಿನಿಂದ ಎಲ್ಲವನ್ನೂ ಅವನೇ ಓಡಾಡಿ ಮಾಡಿಸುತ್ತಿದ್ದ. "ಏನಮ್ಮ?"

"ಚಾಸಿ ನೋಡ್ಬೇಕು."

"ನೋಡೋದೇನೈತೆ? ಹೋದ ವರ್ಷ ತುಕ್ಕು ಹಿಡೀದಂಗೆ ನಾನೇ ನಿಂತು ಡಾಂಬರು ಬಳಿಸಿಲ್ವಾ? ಹೆಂಗೆ ಮಿರಮಿರ ಅಂತೈತೆ. ಹತ್ತು ಜನ ಹತ್ತಿದ್ರೂ ಏಮೀ ಕಾದು, ಏನೂ ಆಗಲ್ಲ."

ರಾಯಚರ್ಲು ಊರಿನಿಂದ ಮಣ್ಣು ಮಾಡಬೇಕಿದ್ದ ಹೊಲಕ್ಕೆ ಇದ್ದ ಕಾಲುದಾರಿ ಸೋಲಾರ್ ಪಾರ್ಕಿನ ಬೇಲಿಯೊಳಗೆ ಸೇರಿಹೋಗಿತ್ತು. ಸುತ್ತುದಾರಿಯಲ್ಲಿ ಹಳ್ಳ ದಾಟಬೇಕು. ನನ್ನ ಜೀಪಲ್ಲೇ ಕಳಿಸಿ ಎಂದು ಕ್ಯಾತಪ್ಪ ಹಾಸಿಗೆ ಹಿಡಿದಾಗಲೇ ಹೇಳಿದ್ದ. ಹೆಣದ ಜೊತೆ ಅಣ್ಣತಮ್ಮಂದಿರೆಲ್ಲ ಕೂರುವುದು ಅವರಲ್ಲಿ ರೂಢಿ. ಹಳ್ಳದ ನಡುವೆ ಚಾಸಿ ಮುರಿದು ಅಪ್ಪ ಕಲ್ಲಿನ ಮೇಲೆ ಉರುಳಿದರೆ?

*

ಕುರಿ ಸಾಗಿಸುವ ಜೀಪು. ಕುರಿಗಂಜಲ ಕಬ್ಬಿಣ ತಿನ್ನುತ್ತದೆಂದು ಕ್ಯಾತಪ್ಪ ಪ್ರತಿ ವರ್ಷ ಯುಗಾದಿಗೆ ಮುಂಚೆ ಗೋಣಿಚೀಲ ಹಾಸಿ ಅದರ ಕೆಳಗೆ ಮಲಗುತ್ತಿದ್ದ. ಸುತ್ತಿಗೆಯಿಂದ, ಜೀಪಿನ ಭಾರವೆಲ್ಲ ಹೊರುವ ಕಬ್ಬಿಣದ ಚಾಸಿಯುದ್ದಕ್ಕೂ ತಟ್ಟುತ್ತ, ಪಕ್ಕದಲ್ಲಿ ಅಂಗಾತ ಬಿದ್ದಿದ್ದ ಮಗಳನ್ನು ಕೇಳುವನು: "ಇದು ಹೆಂಗಂತು?"

"ಟಣ್ ಅಂತು."

"ಇದು?"

"ದಬ್ ಅಂತು."

"ಸಂತೇಲಿ ನಿಮ್ಮವ್ವ ಮಡಿಕೆ ತಟ್ಟಲ್ವಾ, ಅಂಗೇ ಕಣಮ್ಮ. ದಬ್ ಅಂದ ಕಡೆ ಕೆರೀಬೇಕು, ಹೊಳೆಯೋ ಕಬ್ಬಿಣ ಕಾಣೋವರ್ಗೂ. ಬಣ್ಣ ಆಮೇಲೆ."

ಅವಳ ಕೆನ್ನೆಗೆ ತುಕ್ಕು ಉದುರಿದರೆ ತನ್ನ ಟವೆಲಿನಿಂದ ಒರೆಸುವನು. ಶಾಲೆಯಲ್ಲಿ ತುಟಿ ಬಿಚ್ಚದ ಹುಡುಗಿ ಅಲ್ಲಿ, ಆ ಎಣ್ಣೆವಾಸನೆಯ ನೆರಳಿನಲ್ಲಿ, ಬಾಯಿ ಮುಚ್ಚುತ್ತಿರಲಿಲ್ಲ.

*

ಪವಿತ್ರ ಸೀಟಿನಡಿಯಿಂದ ಸುತ್ತಿಗೆ, ಸ್ಕ್ರೂಡ್ರೈವರ್ ತೆಗೆದುಕೊಂಡು, ಅಷ್ಟು ಜನರೆದುರು ಜೀಪಿನ ಕೆಳಗೆ ನುಸುಳಿದಳು.

"ಲೇ ಹೊನ್ನಕ್ಕ, ನಿನ್ ಮಗ್ಳಿಗೆ ಹೇಳೇ. ಹೆಣ ಇಟ್ಕಂಡು ರಿಪೇರಿ ಮಾಡ್ತಾವ್ಳೆ," ಎಂದಳು ಪಕ್ಕದ ಮನೆ ದಾಸಮ್ಮ.

"ಅವರಪ್ಪ ಮದ್ವೆ ದಿನಾನೂ ಅದರಡೀಗೇ ಬಿದ್ದಿದ್ದ. ಇವ್ಳು ಬುಡ್ತಾಳಾ?" ಹೊನ್ನಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಟಣ್. ಟಣ್. ಬಲಗಡೆ ಹಿಂದಿನ ಚಕ್ರದ ಬಳಿ ದಬ್. ಪವಿತ್ರ ಸ್ಕ್ರೂಡ್ರೈವರ್ ಒತ್ತಿದಳು. ಡಾಂಬರು ಸಿಪ್ಪೆಯಂತೆ ಕಳಚಿ, ತುದಿ ಸಲೀಸಾಗಿ ಒಳಗಿಳಿಯಿತು. ಮುಖದ ಮೇಲೆ ಕೆಂಪು ಪುಡಿ ಸುರಿಯಿತು.

"ಕೆರೀದೆ ಬಳಿದವ್ರೆ ಮಾವ," ಹೊರಬಂದು ಮೆಲ್ಲಗೆ ಹೇಳಿದಳು. "ಒಳಗೊಳಗೇ ತಿಂದೈತೆ."

ಪೆದ್ದಣ್ಣ ಮಂಡಿಯೂರಿ ಆ ತೂತಿಗೆ ಬೆರಳಿಟ್ಟು ನೋಡಿದ.

"ಭಾವಂಗೆ ಬಗ್ಗಾಕಾಗಲ್ಲ ಅಂತ ನಾನೇ... ಭಾವನೇ ಕೋಲೂರ್ಕಂಡು ಬಂದು, ಒಂದ್ ದಪ ತಟ್ಟಿ ನೋಡಿ, ಚೆನ್ನಾಗೈತೆ ಬುಡ್ಲಾ ಅಂದಿದ್ನಲ್ಲ."

ದಬ್ ಅಂದದ್ದು ಕೇಳಿದ ಮೇಲೂ, ಮಾವನ ಮನಸ್ಸು ನೋಯಿಸಲಾರದೆ ಅಪ್ಪ ಹಾಗೆ ಹೇಳಿದ್ದನೆಂದು ಪವಿತ್ರಳಿಗೆ ಗೊತ್ತಿರಲಿಲ್ಲ.

"ಟ್ರ್ಯಾಕ್ಟರ್ ತರ್ಸಾನಾ?" ಪೆದ್ದಣ್ಣನ ದನಿ ಕುಗ್ಗಿತ್ತು.

"ಬ್ಯಾಡ. ಅಪ್ಪನ್ನೊಬ್ಬನ್ನ ಆದ್ರೆ ಹೊರ್ತೈತೆ. ಮಿಕ್ಕೋರು ನಡೀರಿ."

ಅಣ್ಣತಮ್ಮಂದಿರು ಚಟ್ಟವನ್ನು ಒಳಕ್ಕೆ ತಳ್ಳಿ, ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಜೀಪಿನ ಇಕ್ಕೆಲಕ್ಕೆ ಬಂದರು. ಡ್ರೈವರ್ ಸುನಿಲ್‌ಕುಮಾರ್ ಮೊದಲ ಗೇರಿನಲ್ಲೇ ಹೊರಟ. ಪವಿತ್ರ ಕೆನ್ನೆಯ ತುಕ್ಕು ಒರೆಸಿಕೊಳ್ಳದೆ, ಚಾಸಿಯ ಸದ್ದಿಗೆ ಕಿವಿಗೊಟ್ಟು ಹಿಂದೆ ನಡೆದಳು.

ಹಳ್ಳ ಬಂತು. ಪೆದ್ದಣ್ಣ ಬಲಗಡೆ ಹಿಂದಿನ ಚಕ್ರದ ಪಕ್ಕ ಸೊಂಟ ಬಗ್ಗಿಸಿ, ಅಂಗೈಯನ್ನು ಚಾಸಿಯ ಕೆಳಗೆ ಕೊಟ್ಟು, ಆಚೆ ದಡದವರೆಗೂ ಹಾಗೇ ನಡೆದ.