ಬದುವಿನ ಮೇಲೆ ನಿಂತಾಕಿ

ಕಾಲುವೆಗೆ ನೀರು ಬಿಟ್ಟು ವಾರವಾಗಿತ್ತು. ಸಾಲಗುಂದದ ಹೊಲಗಳೆಲ್ಲ ಕೆಸರಾಗಿ, ಭತ್ತದ ಸಸಿಯ ಕಟ್ಟುಗಳು ಬದುವಿನುದ್ದಕ್ಕೂ ಬಿದ್ದಿದ್ದವು. ಸಿದ್ದರಾಮೇಶರು ಬದುವಿನ ತುದಿಗೆ ಕೆಂಪು ಬಾವುಟ ಊರಿ ಪಕ್ಕದಲ್ಲಿ ನಿಂತರು. ನಾಟಿಯ ಮೊದಲ ದಿನ ಕೂಲಿ ಮಾತಾಗುವ ತನಕ ಬಾವುಟ ದಾಟಿ ಯಾರೂ ಕೆಸರಿಗೆ ಕಾಲಿಡಬಾರದು ಎಂಬುದು ಅವರೇ ಹಾಕಿದ ಕಟ್ಟಳೆ. ಸಿಂಧನೂರು ಸೀಮೆಯಲ್ಲಿ ಪಕ್ಷವನ್ನೂ ಕೂಲಿಕಾರರ ಸಂಘವನ್ನೂ ಕಟ್ಟಿದವರು ಅವರು. ಕರಪತ್ರ ಬರೆದವರೂ ಹಂಚಿದವರೂ ಅವರೇ.

ಈ ಇಳಿವಯಸ್ಸಿನಲ್ಲಿ ಇಟಲಿಯವನೊಬ್ಬನ ಜೀವನ ಬರೆಯುತ್ತ ಕೂತಿದ್ದರು. ಅವನೂ ಪಕ್ಷ ಕಟ್ಟಿದವನು, ಜೈಲಿನಲ್ಲಿ ಬರೆಯುತ್ತಲೇ ಸವೆದವನು. ತಪ್ಪಾಯಿತೆಂದು ಬರೆದುಕೊಟ್ಟರೆ ಬಿಡುತ್ತೇವೆಂದರೂ ಬರೆದುಕೊಡದವನು. ಹಿಂದೊಮ್ಮೆ ಇದೇ ಬದುವಿನ ಮೇಲೆ ಆ ಕಥೆ ಹೇಳಿದಾಗ, ಕೂಲಿ ಹೋರಾಟದಲ್ಲಿ ಅವರ ಜೊತೆ ಲಿಂಗಸುಗೂರಿನ ಜೈಲು ಕಂಡು ಬಂದಿದ್ದ ಮುದುಕಮ್ಮ ಎಂಬಾಕೆ, ಅವನಿಗೆ ಬುತ್ತಿ ಯಾರು ಒಯ್ಯುತ್ತಿದ್ದರು ಎಂದು ಕೇಳಿದ್ದಳು.

ಇವತ್ತು ಹೆಣ್ಣಾಳುಗಳ ಮುಂದೆ ಅವಳೇ ಬಂದಳು, ಮೇಸ್ತ್ರಿಯಾಗಿ. ಎಕರೆ ಲೆಕ್ಕದಲ್ಲಿ ನಾಟಿಯ ಗುತ್ತಿಗೆ ಹಿಡಿದಾಗಿತ್ತು. ಹೊಲದ ದಣಿ ಹೇಳಿದ್ದೇ ದರ.

"ಬಾಜೂಕ ಸರೀರಿ, ಸಿದ್ದಣ್ಣಾರ. ನಾಟಿ ಮಷೀನು ಮಸ್ಕಿ ತನಕ ಬಂದೈತಿ. ನಾವು ನಿಂತ್ರ ಅದು ಇಳೀತೈತಿ."

"ಒಗ್ಗಟ್ಟಿದ್ರ ಯಾವ ಮಷೀನು ಏನು ಮಾಡ್ತೈತಿ, ಮುದುಕಮ್ಮ?"

"ಒಗ್ಗಟ್ಟು ಐತಲ್ರಿ. ನೀವ ಕಲಿಸಿದ್ದು. ನಾ ಇಳಿ ಅಂದ್ರ ಎಲ್ಲಾರೂ ಇಳೀತಾರ."

ಇಳಿದರು. ಬಾವುಟವನ್ನು ತುಳಿಯಲಿಲ್ಲ, ಸುತ್ತುಬಳಸಿ ಹೋದರು. ಒಬ್ಬಿಬ್ಬರು ಅವರಿಗೆ ಶರಣೂ ಅಂದರು. ಹೋದ ವರ್ಷ ಮದುವೆಯಾಗಿ ಬಂದ ಅಂಜಲಿ ಮಾತ್ರ ಬಾವುಟದ ಹತ್ತಿರ ನಿಂತುಬಿಟ್ಟಳು. ದರ ಮಾತಾಗಲಿ, ಆಮೇಲೆ ಇಳಿಯುತ್ತೇನೆ ಅಂದಳು. ಅವಳ ಗಂಡ ಸೊಂಟ ಮುರಿದುಕೊಂಡು ಮಲಗಿದ್ದ. ಊರಲ್ಲಿ ಕೂಲಿಗೆ ಹೋಗಲು ಬೇರೆ ಗುಂಪಿರಲಿಲ್ಲ.

ಮುದುಕಮ್ಮ ಕೆಸರಿನಿಂದಲೇ ತಿರುಗಿದಳು. ದನಿ ಏರಿಸಲಿಲ್ಲ.

"ಇವತ್ತ ಒಡದು ನಿಂತಾಕಿ ನಾಳಿಂದ ಗುಂಪಿನ್ಯಾಗ ಇಲ್ಲ."

ಮುಷ್ಕರ ಮುರಿದವರನ್ನು ಸಂಘದಿಂದ ಹೊರಗಿಡುವಾಗ ಸಿದ್ದರಾಮೇಶರು ಆಡುತ್ತಿದ್ದ ಮಾತು ಅದು. ಅದೇ ಧಾಟಿ.

ಅಂಜಲಿ ಸಿದ್ದರಾಮೇಶರ ಮುಖ ನೋಡಿದಳು. ಎಷ್ಟೋ ಹಂಗಾಮಿನಿಂದ ಅವರು ಇಂಥ ಒಬ್ಬಳಿಗಾಗಿ ಕಾದಿದ್ದರು. ನಿಲ್ಲು ಅಂದರೆ ನಿಲ್ಲುತ್ತಾಳೆಂದೂ ಗೊತ್ತಿತ್ತು.

"ಇಳಿ, ತಂಗಿ," ಅಂದರು.

"ದರದ್ದೇನ್ರೀ?"

"ಇಳಿಯವ್ವ. ಹೊತ್ತಾಗತೈತಿ."

ಅವಳು ಸೀರೆ ಎತ್ತಿ ಕಟ್ಟಿ, ಒಂದು ಕಟ್ಟು ಸಸಿ ತಗೊಂಡು ಇಳಿದಳು. ಸಾಲಿನಲ್ಲಿ ಇಬ್ಬರು ಸರಿದು ಜಾಗ ಕೊಟ್ಟರು. ಎಲ್ಲರೂ ಬಗ್ಗಿದರು. ಸ್ವಲ್ಪ ಹೊತ್ತಿಗೆಲ್ಲ, ಬದುವಿನ ಮೇಲಿಂದ ನೋಡಿದರೆ, ಯಾವ ಬೆನ್ನು ಅವಳದೆಂದು ತಿಳಿಯುತ್ತಿರಲಿಲ್ಲ.