ಚಂಪವ್ವನ ತಲೆಯ ಮೇಲಿನ ಫ್ಯೂಸು

ಮೊದಲು ನಾನು ಬರೀ ಬಿಳಿ ಮಣ್ಣು. ನಾದಿ, ಅಚ್ಚಿಗೆ ಒತ್ತಿ, ಮೆರುಗು ಬಳಿದು ಭಟ್ಟಿಯಲ್ಲಿ ಸುಟ್ಟರು. ಹೊರಬಂದಾಗ ಆಗತಾನೇ ಮೂಡಿದ ಹಾಲುಹಲ್ಲಿನಂತೆ ಹೊಳೆಯುತ್ತಿದ್ದೆ. ಎರಡೂ ತುದಿಗೆ ಹಿತ್ತಾಳೆಯ ಕಿವಿ ತೊಡಿಸಿದರು. ಹೀಗೆ ನಾನು ಫ್ಯೂಸು ಆದೆ.

ಜಮಖಂಡಿಯ ಅಂಗಡಿಯೊಂದರ ಡಬ್ಬಿಯಲ್ಲಿ ಮಲಗಿದ್ದ ನನ್ನನ್ನು ಎತ್ತಿಕೊಂಡವರು ಬನಹಟ್ಟಿಯ ವೈರಮನ್ ದಸ್ತಗೀರ ಸಾಬರು. ನನ್ನ ಕಿವಿಗಳ ನಡುವೆ ಕೂದಲೆಳೆಯಂಥ ತಂತಿ ಬಿಗಿದು, ರುದ್ರಪ್ಪನವರ ಮಗ್ಗದ ಶೆಡ್ಡಿನ ಗೋಡೆಯಲ್ಲಿ, ಮೇನ್ ಸ್ವಿಚ್ಚಿನ ಪಕ್ಕಕ್ಕೆ ಕೂರಿಸಿದರು. ವಿದ್ಯುತ್ತು ನನ್ನ ತಂತಿಯ ಮೇಲೆ ಹಾದುಹೋಗಿ ಎಂಟು ಮಗ್ಗಗಳನ್ನು ಎಬ್ಬಿಸುತ್ತಿತ್ತು. ಮಿತಿ ಮೀರಿ ಬಂತೋ, ನನ್ನ ತಂತಿ ಕರಗಿ ಕಡಿದುಹೋಗಿ, ದಾರಿ ಮುಚ್ಚುತ್ತಿತ್ತು. ಸಾಬರು ಹೊಸ ತಂತಿ ಕಟ್ಟಿದರೆ ನನಗೆ ಮರುಹುಟ್ಟು. ಅಜ್ಜಿಯರ ಕಥೆಯಲ್ಲಿ ಏಳು ಸಮುದ್ರದಾಚೆಯ ಗಿಳಿಯೊಳಗೆ ಯಾರದೋ ಪ್ರಾಣ ಇರುತ್ತದಲ್ಲ, ಹಾಗೆ ಆ ಶೆಡ್ಡಿನ ಪ್ರಾಣ ನನ್ನ ಕೂದಲೆಳೆಯಲ್ಲಿತ್ತು.

ನನ್ನ ಕೆಳಗೇ, ನೂಲಿನ ರಾಶಿಯ ನಡುವೆ, ಚಂಪವ್ವ ಕೂತು ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಇಡುವ ನೂಲಿನ ಸಣ್ಣ ಉರುಳೆಗಳು ಅವು. ಪಕ್ಕದ ಬಟ್ಟೆಯ ತೊಟ್ಟಿಲಲ್ಲಿ ಅವಳ ಮೊಮ್ಮಗು. ಮೇಲಿನಿಂದ ನನಗೆ ಅವಳ ಬೈತಲೆ, ಮಗುವಿನ ಹೊಟ್ಟೆ ಕಾಣುತ್ತಿದ್ದವು. ಅವರಿಗೆ ಬಿಸಿ ತಾಗಬಾರದು. ನನಗೆ ಬೇರೆ ಯೋಚನೆಯೇ ಇರಲಿಲ್ಲ.

ನಮ್ಮ ಶೆಡ್ಡಿನಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲಿಸುವ ರೂಢಿ. ಅಂದು ತೊಲೆ, ಗೋಡೆ, ವೈರುಗಳ ಮೇಲೆ ಕೂತ ಹತ್ತಿಯ ಧೂಳು ಗುಡಿಸಿ ಪೂಜೆ ಮಾಡುತ್ತಿದ್ದರು. ಆದರೆ ಆ ವರ್ಷ ಮದುವೆ ಸೀರೆಗಳ ದೊಡ್ಡ ಆರ್ಡರು ಬಂತು. ರುದ್ರಪ್ಪನವರು ಇನ್ನೆರಡು ಮಗ್ಗ ಕೂರಿಸಿದರು. ಅಮಾವಾಸ್ಯೆ ಬಂದರೂ ಮಗ್ಗ ನಿಲ್ಲಲಿಲ್ಲ, ಧೂಳು ಕದಲಲಿಲ್ಲ. ಮರುದಿನ ಒಂದೇ ಬೆಳಗಿನಲ್ಲಿ ನಾನು ಮೂರು ಸಲ ಕಡಿದುಹೋದೆ; ಮೊದಲ ಎರಡು ಸಲ ನೇಕಾರರೇ ತೆಳು ತಂತಿ ಕಟ್ಟಿದರು.

“ಏನ್ ಹಟಮಾರಿ ಐತಿದು! ಹೊಸಾ ಅಳಿಯನಂಗ ಮಾತಿಗೊಮ್ಮೆ ಮುನಿಸ್ಕೊಂತೈತಿ,” ಎಂದರು ರುದ್ರಪ್ಪ.

“ಹತ್ತ ಮಗ್ಗ ಹೊರಸೀರಿ, ಮುನಿಸ್ಕೊಳ್ಳದ ಏನ್ ಮಾಡೀತ್ರಿ ಮಾಲಕ್ರ?” ಎಂದಳು ಚಂಪವ್ವ. “ಸಾಬರ್ನ ಕರಸ್ರಿ.”

“ಅಂವಾ ಬಂದ್ರ ಎರಡು ಮಗ್ಗ ಬಂದ್ ಮಾಡಂತಾನ. ನೀ ಸುಮ್ಕ ಕಂಡಿಕಿ ಸುತ್ತವಾ.”

ರುದ್ರಪ್ಪ ತಾವೇ ಸ್ಟೂಲು ಹತ್ತಿ ನನ್ನನ್ನು ಕಿತ್ತರು. ಹಳೆ ಮೋಟಾರಿನಿಂದ ಬಿಚ್ಚಿದ ದಪ್ಪ ತಾಮ್ರದ ತಂತಿಯನ್ನು ಮೂರೆಳೆ ಹೊಸೆದು ಕಟ್ಟಿದರು. ಹತ್ತೂ ಮಗ್ಗ ಒಟ್ಟಿಗೆ ಹೊರಟವು. “ನೋಡಿದ್ಯಾ?” ಎಂದು ಮೀಸೆ ತಿರುವಿದರು.

ಇನ್ನು ನಾನು ಕಡಿಯುವಂತಿರಲಿಲ್ಲ. ಮೊದಲ ದಿನ ಮೈ ಬೆಚ್ಚಗಾಯಿತು. ಎರಡನೆಯ ದಿನ ಬಿಳುಪು ಕಂದಿತು. ಗೋಡೆಯ ವೈರಿನ ಸಿಪ್ಪೆ ಮೆತ್ತಗಾಗತೊಡಗಿತು. ಅದರ ಮೇಲೆ ಗುಡಿಸದೆ ಬಿಟ್ಟ ಧೂಳು, ಕೂಸಿನ ಕೂದಲಿನಷ್ಟು ಮೃದು. ಕೂಗಲು ನನಗೆ ಬಾಯಿಲ್ಲ. ವಾಸನೆಯನ್ನಷ್ಟೇ ಕಳಿಸಬಲ್ಲೆ. ಕಳಿಸಿದೆ.

ಮೂರನೆಯ ದಿನ ಮಧ್ಯಾಹ್ನ ಚಂಪವ್ವ ರಾಟೆ ನಿಲ್ಲಿಸಿದಳು. “ಏನೋ ಸುಟ್ಟ ವಾಸನಿ ಬರಾಕತ್ತೈತ್ರಿ.”

“ಯಾರರ ರೊಟ್ಟಿ ಹೊತ್ತಿಸಿರಬೇಕು ತಗೋ,” ಎಂದರು ರುದ್ರಪ್ಪ.

“ರೊಟ್ಟಿ ವಾಸನಿ ನಮಗ ಕಲಸ್ತೀರೇನ್ರಿ?” ಎಂದವಳೇ ಮಗುವನ್ನೆತ್ತಿ ಹೊರಗಿನ ಹೆಂಗಸರ ಕೈಗೆ ಕೊಟ್ಟು ಬಂದಳು. ಅಷ್ಟರಲ್ಲಿ ಧೂಳು ಹೊತ್ತಿ, ಉರಿ ಗೋಡೆಯುದ್ದಕ್ಕೂ ಹಾವಿನಂತೆ ಓಡಿತು. ಕಿಡಿಯೊಂದು ನೂಲಿನ ರಾಶಿಗೆ ಬಿತ್ತು. ರುದ್ರಪ್ಪ ಕುಡಿಯುವ ನೀರಿನ ಕೊಡ ಎತ್ತಿಕೊಂಡು ಓಡಿಬಂದರು.

“ನೀರ್ ಹಾಕಬ್ಯಾಡ್ರೀ! ಕರೆಂಟ್ ಐತಿ, ನಿಮ್ಮನ್ನ ಹೊಡದ ಕೆಡವತೈತಿ!”

ಸಾಬರು ಎಂದೋ ಹೇಳಿಕೊಟ್ಟದ್ದು ಅವಳಿಗೆ ನೆನಪಿತ್ತು. ಒಣ ಕೋಲಿನಿಂದ ಮೇನ್ ಸ್ವಿಚ್ಚಿನ ಹಿಡಿಕೆ ಕೆಳಗೆಳೆದಳು. ಮಗ್ಗಗಳು ಸುಮ್ಮನಾದವು. ಬಾಗಿಲ ಬಳಿಯ ಕೆಂಪು ಬಕೀಟಿನ ಮರಳನ್ನು ಉರಿಯ ಮೇಲೆ ಸುರಿದಳು. ರುದ್ರಪ್ಪ ಕೊಡ ಕೆಳಗಿಟ್ಟು ಎರಡನೆಯ ಬಕೀಟು ತಂದರು.

ಸುಟ್ಟದ್ದು ಒಂದಿಷ್ಟು ನೂಲು, ಗೋಡೆಯ ಬಣ್ಣ. ರುದ್ರಪ್ಪ ಇನ್ನೂ ತೂಗುತ್ತಿದ್ದ ಬರಿದಾದ ತೊಟ್ಟಿಲನ್ನು ನೋಡಿ, ಸಾಬರನ್ನು ಕರೆತರಲು ಆಳು ಕಳಿಸಿದರು.

ದಸ್ತಗೀರ ಸಾಬರು ಬಂದು ನನ್ನನ್ನು ಬಿಚ್ಚಿದರು. “ಇದು ಫ್ಯೂಸಿನ ತಂತಿ ಅಲ್ರೀ ಮಾಲಕ್ರ, ಎಮ್ಮಿ ಕಟ್ಟೂ ಸರಪಳಿ.”

“ತಪ್ಪಾತೋ ದಸ್ತಗೀರ. ಏನ್ ಮಾಡಬೇಕು ಹೇಳು.”

ಹತ್ತು ಮಗ್ಗಕ್ಕೆ ತಕ್ಕ ಹೊಸ ವೈರು ಎಳೆದರು. ಮಿತಿ ಮೀರಿದರೆ ತಾವಾಗಿಯೇ ಕೆಳಗೆ ಬಿದ್ದು ಕರೆಂಟು ತಡೆಯುವ ಹೊಸ ಸ್ವಿಚ್ಚುಗಳು ನನ್ನ ಜಾಗಕ್ಕೆ ಬಂದವು. ತೊಟ್ಟಿಲು ಆಚೆ ಗೋಡೆಗೆ ಹೋಯಿತು. ಅಮಾವಾಸ್ಯೆಗೆ ಕಸಬರಿಗೆ ಮರಳಿತು. ಬಿರುಕು ಬಿಟ್ಟಿದ್ದ ನನ್ನನ್ನು ಸಾಬರು ಎಸೆಯಹೊರಟಾಗ ಚಂಪವ್ವ ಕೈಚಾಚಿದಳು. “ಒಗೀಬ್ಯಾಡ್ರಿ, ನನಗ ಕೊಡ್ರಿ.”

ಈಗ ನಾನು ಕಿಟಕಿಯ ಕಟ್ಟೆಯಲ್ಲಿ, ಅವಳ ಬುತ್ತಿಯ ಬಟ್ಟೆ ಗಾಳಿಗೆ ಹಾರದಂತೆ ಅದರ ಮೇಲೆ ಕೂರುತ್ತೇನೆ. ಮುದಿ ವಯಸ್ಸಿಗೆ ಹಗುರ ಕೆಲಸ. ಬಾಳಿನಲ್ಲಿ ಎಷ್ಟೋ ಸಲ ಕಡಿದೆ, ಅದಕ್ಕೆ ಬೇಸರವಿಲ್ಲ. ಕಡಿಯಲಾಗದ ಆ ಮೂರು ದಿನಗಳದ್ದೇ ಬೇಸರ.

ನಿನ್ನೆ ಹೊಸ ಸ್ವಿಚ್ಚು ಟಕ್ಕೆಂದು ಬಿತ್ತು. ಶೆಡ್ಡು ಮೌನವಾಯಿತು. ರುದ್ರಪ್ಪ ಕುರ್ಚಿಯಿಂದ ಜಿಗಿದೆದ್ದರು. ಅವರ ಕೈ ಬೋರ್ಡಿನತ್ತ ಹೋಗಿ, ನಡುವೆ ನಿಂತಿತು.

“ಸಾಬರು ಬರೂತನಕ ಯಾರೂ ಮುಟ್ಟಬ್ಯಾಡ್ರಿ. ಕುಂದರ್ರಿ, ಚಾ ತರಸ್ತೀನಿ.”

“ನನಗ ಸಕ್ರಿ ಕಡಿಮಿ ಹಾಕಸ್ರಿ,” ಎಂದ ಚಂಪವ್ವ, ಬುತ್ತಿ ಬಿಚ್ಚಲು ನನ್ನನ್ನೆತ್ತಿಕೊಂಡಳು. ಅವಳ ಅಂಗೈ ಬೆಚ್ಚಗಿತ್ತು. ಗೋಡೆಯ ವೈರುಗಳು ತಣ್ಣಗಿದ್ದವು.